ಶಂಶುದ್ದೀನನ ಏಳು ನಿಮಿಷ

ಆ ಭಾನುವಾರ ಬೆಳಗ್ಗೆ ಶಂಶುದ್ದೀನ್ ಒಂದು ಕ್ಯಾಸೆಟ್ ತಂದು ಕೈಗೆ ಕೊಡದೇ ಹೋಗಿದ್ದರೆ ಜಂಬಣ್ಣ ಮಾಸ್ತರರು ನೆಮ್ಮದಿಯಿಂದ ಉಂಡು ಮಲಗುತ್ತಿದ್ದರು.

ಮಾನ್ವಿಯ ಬಸ್‌ಸ್ಟ್ಯಾಂಡಿನ ಎದುರು ಶಂಶುದ್ದೀನನದು ರೇಡಿಯೋ ರಿಪೇರಿ ಅಂಗಡಿ. ಎಂಬತ್ತಾರನೇ ಇಸವಿಯಲ್ಲಿ ಅವನ ಭಾವ ಸೌದಿಯಿಂದ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ತಂದುಕೊಟ್ಟಿದ್ದ. ಎಂಟು ತಿಂಗಳು ಅದರ ಮುಂದೆ ಕೂತು ಅವನು ಏಳು ನಿಮಿಷದ ಒಂದು ಸಂಗೀತ ಕಟ್ಟಿದ್ದ.

“ಎಲ್ಲಾರೂ ಚಲೋ ಅದ ಅಂತಾರ್ರಿ ಮಾಸ್ತರ. ಯಾಕ ಚಲೋ ಅದ ಅಂದ್ರ ಹೇಳಂಗಿಲ್ಲ. ನೀವು ಸಾಲ್ಯಾಗ ಹಾರ್ಮೋನಿಯಂ ಕಲಿಸೋರು. ಎಲ್ಲಿ ತಪ್ಪದ, ಎಲ್ಲಿ ಸರಿ ಅದ, ನೀವ ಹೇಳಬೇಕು. ಸಂಜಿಗೆ ಬರ್ತೀನಿ,” ಎಂದು ಹೋದ.

ಮಾಸ್ತರರು ಟೇಪ್ ಹಚ್ಚಿದರು. ನಾಲ್ಕೇ ಸ್ವರಗಳು, ದಾರಿ ತಪ್ಪಿದ ಕುರಿಗಳ ಹಾಗೆ ಅಲ್ಲಲ್ಲೇ ಸುತ್ತುತ್ತಿದ್ದವು. ಹಿಂದೆ ಡ್ರಮ್ಮಿನ ಸದ್ದು, ಯಾರೋ ತಗಡಿನ ಮೇಲೆ ಜೋಳ ಸುರಿದಂತೆ. ಪಕ್ಕದ ಮನೆಯ ಕರೆಮ್ಮ ಗೋಡೆಯ ಮೇಲಿಂದ ಇಣುಕಿ, “ಮಾಸ್ತರ, ನಿಮ್ಮ ಟೇಪ್ ಕೆಟ್ಟದ ನೋಡ್ರಿ,” ಎಂದಳು.

ಹೆಂಡತಿ ಮಹಾಂತಮ್ಮ ಹೇಳಿದಳು, “ಚಲೋ ಅದ ಅಂದು ಕಳಸ್ರಿ. ಪಾಪ, ಯಾಕ ಅವನ ಮನಸು ಮುರೀತೀರಿ?”

“ನನಗೂ ಎಲ್ಲಾರೂ ಹಂಗ ಅಂದಿದ್ರು,” ಎಂದರು ಮಾಸ್ತರರು.

ಹರೆಯದಲ್ಲಿ ಅವರು ಹಾಡುಗಾರರಾಗುವ ಆಸೆ ಇಟ್ಟುಕೊಂಡಿದ್ದರು. ಹುಟ್ಟೂರು ದೇವದುರ್ಗದಲ್ಲಿ ಹೊಗಳದವರಿರಲಿಲ್ಲ. ರಾಯಚೂರಿನ ಸ್ಪರ್ಧೆಯಲ್ಲಿ ಎರಡನೇ ಸಾಲಿಗೇ ಗಂಟೆ ಬಾರಿಸಿ ಇಳಿಸಿದಾಗಲೇ ಗೊತ್ತಾದದ್ದು, ಹತ್ತು ವರ್ಷ ತಾವು ಶ್ರುತಿ ತಪ್ಪಿ ಹಾಡುತ್ತ ಬಂದಿದ್ದರೆಂದು. ಆ ಹತ್ತು ವರ್ಷ ಇನ್ನೂ ಅವರನ್ನು ನೋಯಿಸುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಓಣಿಗೆಲ್ಲ ಸುದ್ದಿಯಾಯಿತು. ಜೋಳದ ವ್ಯಾಪಾರಿ ಸತ್ತಾರ್ ಸಾಬ್ ಬಂದು ಕಟ್ಟೆಯ ಮೇಲೆ ಕೂತ. “ಬರೇ ತಪ್ಪ ಹೇಳಬ್ಯಾಡ್ರಿ ಮಾಸ್ತರ. ನಾವು ಗಿರಾಕಿಗೆ ಮೊದಲು ಚಲೋ ಕಾಳು ತೋರಸ್ತೀವಿ, ಕಲ್ಲಿನ ಮಾತು ಆಮ್ಯಾಲ. ಒಂದರ ಚಲೋದು ಹುಡುಕ್ರಿ.”

ಚಲೋದು ಹುಡುಕಲು ಮಾಸ್ತರರು ಕ್ಯಾಸೆಟ್ಟನ್ನು ಆರು ಸಲ ಕೇಳಿದರು. ಆರನೇ ಸಲ ಸಿಕ್ಕಿತು.

ಸಂಜೆ ಶಂಶುದ್ದೀನ್ ಬಂದಾಗ ಅವನ ಹಿಂದೆ ಅರ್ಧ ಓಣಿ ನಿಂತಿತ್ತು. ಮಾಸ್ತರರು ಗಂಟಲು ಸರಿಮಾಡಿಕೊಂಡರು.

“ಶಂಶು, ನಾಕನೇ ನಿಮಿಷಕ್ಕ ಒಂದು ಸ್ವರ ಬಾವ್ಯಾಗ ಕೊಡ ಇಳದಂಗ ಮೆಲ್ಲಕ ಕೆಳಗ ಇಳೀತದ. ಆಮ್ಯಾಲ ಎಲ್ಲಾ ಸುಮ್ನಾಗ್ತದ. ಅಲ್ಲಿ ನನ್ನ ಮೈ ಜುಮ್ ಅಂತು. ಅದು ಖರೇ ಸಂಗೀತ. ಅದನ್ನ ಇಟ್ಟಕೋ, ಅದನ್ನ ಬೆಳಸು. ಉಳದದ್ದು ಕತ್ತರಸು.”

ಶಂಶುದ್ದೀನ್ ತಲೆ ಕೆರೆದುಕೊಂಡ.

“ಅಲ್ಲಿ ಕರೆಂಟ್ ಹೋತ್ರಿ ಮಾಸ್ತರ,” ಎಂದ. “ಕೀಬೋರ್ಡ್ ಬಂದ್ ಆತು. ಟೇಪ್ ಸೆಲ್ಲಿನ ಮ್ಯಾಲಿತ್ತು, ಅದು ಓಡಕೋತ ಇತ್ತು.”

ಅವನು ಕ್ಯಾಸೆಟ್ ತೆಗೆದುಕೊಂಡು ಸಲಾಂ ಮಾಡಿ ಹೊರಟುಹೋದ. ಮಹಾಂತಮ್ಮ ರೊಟ್ಟಿ ತಟ್ಟಲು ಒಳಗೆ ಹೋದಳು.

ರಾತ್ರಿ ಮಾಸ್ತರರು ಮುಂದಿಟ್ಟ ರೊಟ್ಟಿ ಬಿಟ್ಟು ಎದ್ದರು. ತಪ್ಪಾಯಿತೆಂದು ಹೇಳಿಬಿಡೋಣ ಎಂದುಕೊಂಡು ಅವರು ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಅಂಗಡಿಯಲ್ಲಿ ಶಂಶುದ್ದೀನ್ ಬೆವರು ಸುರಿಸುತ್ತ ಕೂತಿದ್ದ. ಒಂದು ಕೈಯಲ್ಲಿ ಕೀಬೋರ್ಡಿನ ವೈರು.

“ಬರ್ರಿ ಮಾಸ್ತರ. ನೀವು ಹೇಳಿದ್ದು ಖರೇ ಅದ. ನಿಂತು ಕೇಳಿದೆ, ನನಗೂ ಮೈ ಜುಮ್ ಅಂತು. ಇಪ್ಪತ್ತು ಸಲ ವೈರ್ ಕಿತ್ತು ಕಿತ್ತು ಹೊಸಾ ಕ್ಯಾಸೆಟ್ ತುಂಬಿದೆ. ಏಳು ನಿಮಿಷ, ಬರೇ ಕೆಳಗ ಇಳೀತದ, ಸುಮ್ನಾಗ್ತದ.”

ಮಾಸ್ತರರು ಕೈ ಚಾಚಿದರು. “ಎಲ್ಲದ, ಕೊಡು, ಕೇಳ್ತೀನಿ.”

“ನಿಮ್ಮ ಹೆಡ್‌ಮಾಸ್ತರು ಒಯ್ದ್ರಿ. ರೇಡಿಯೋ ಒಯ್ಯಾಕ ಬಂದಿದ್ರು, ಕೇಳಿ ಗಾಬರ್ಯಾದ್ರು. ಇಂಥಾದ್ದು ಯಾರು ಮಾಡಿದ್ರು ಅಂದ್ರು. ನಾಳಿ ಪ್ರಾರ್ಥನಿ ಹೊತ್ತಿಗೆ ಹುಡುಗರು, ಮಾಸ್ತರು ಎಲ್ಲಾರ ಮುಂದ ಹಚ್ಚತಾರಂತ.”

“ನಿನ್ನ ಹೆಸರು ಹೇಳಿದೇನು?”

“ಇಲ್ರಿ,” ಎಂದ ಶಂಶುದ್ದೀನ್. ಅವನ ದನಿಯಲ್ಲಿ ಕೊಂಕಿರಲಿಲ್ಲ, ಗೌರವವಷ್ಟೇ ಇತ್ತು. “ಕ್ಯಾಸೆಟ್ ಮ್ಯಾಲ ಸಂಗೀತ ಜಂಬಣ್ಣ ಮಾಸ್ತರು ಅಂತ ಬರದೀನಿ. ನಂದು ಅಂತ ಇದ್ದದ್ದನ್ನೆಲ್ಲ ನೀವು ಕತ್ತರಸು ಅಂದ್ರಲ್ರಿ.”