ಸಾವಿನ ಸಂಘದ ಡೇಟಾಬೇಸ್

ಊರಲ್ಲಿ ಯಾರಾದರೂ ತೀರಿಕೊಂಡರೆ ಸೌದೆ, ಆಂಬುಲೆನ್ಸ್, ಹೆಗಲು ಕೊಡಲು ಜನ, ಇಷ್ಟನ್ನು ಒದಗಿಸುವ ಸಂಘ ನಮ್ಮದು. ಅದರ ಸದಸ್ಯರ ಡೇಟಾಬೇಸ್ ನೋಡಿಕೊಳ್ಳುವವನು ಮಾದಾಪುರದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿರುವ ನಾನು. ನಗಬಾರದ ಕಡೆಯೇ ನಗು ಬರುವ ಪ್ರಸಂಗಗಳು ನನಗೆ ಯಾಕೋ ತಪ್ಪಿದ್ದೇ ಇಲ್ಲ.

ಹುಟ್ಟುಹಬ್ಬ

ಸದಸ್ಯರ ಹುಟ್ಟುಹಬ್ಬಕ್ಕೆ ಶುಭಾಶಯದ ಮೆಸೇಜ್ ಹೋಗಬೇಕೆಂದು ಅಧ್ಯಕ್ಷರ ಆಸೆ. ಹುಟ್ಟಿದ ತಾರೀಕಿನ ಕಾಲಮ್ ಹೇಗೂ ಇತ್ತು, ಮಾಡಿದೆ. ಮೊದಲ ಮೆಸೇಜ್ ಹೋಗಿದ್ದು ಹಾಸಿಗೆ ಹಿಡಿದಿದ್ದ ಒಬ್ಬ ನಿವೃತ್ತ ಮೇಷ್ಟ್ರಿಗೆ. ಅದರ ಕೊನೆಯ ಸಾಲು ಅಧ್ಯಕ್ಷರೇ ಬರೆದಿದ್ದು: "ನಿಮ್ಮ ಸೇವೆಗೆ ಸಂಘ ಸದಾ ಸಿದ್ಧ."

ಮೇಷ್ಟ್ರು ಫೋನ್ ಮಾಡಿದರು. "ಥ್ಯಾಂಕ್ಸ್ ಮಾರಾಯ. ಆದ್ರೆ ಇಷ್ಟು ಅರ್ಜೆಂಟ್ ಮಾಡ್ಬೇಡಿ."

ಒಣ ಸೌದೆ

ಒಂದೇ ಹೆಸರಿನ ಇಬ್ಬರು ಸದಸ್ಯರಿದ್ದರು. ಪ್ರತಿಯೊಬ್ಬರಿಗೂ ಬೇರೆ ಬೇರೆ ನಂಬರ್ ಕೊಡಬೇಕು, ಹುಡುಕುವುದೂ ಆ ನಂಬರಿನಿಂದಲೇ ಎಂದು ನಾನು ಬಡಕೊಂಡೆ. ಅಧ್ಯಕ್ಷರು ಒಪ್ಪಲಿಲ್ಲ. "ಜೈಲಾ ಇದು, ಜನರನ್ನ ನಂಬರಲ್ಲಿ ಕರೆಯೋಕೆ?"

ಕಕ್ಕಡ ತಿಂಗಳ ಜಡಿಮಳೆಯಲ್ಲಿ ಅವರಿಬ್ಬರಲ್ಲಿ ಒಬ್ಬರು ತೀರಿಕೊಂಡರು. ಹೆಸರು ಹೊಡೆದಾಗ ಮೊದಲು ಸಿಕ್ಕ ವಿಳಾಸಕ್ಕೆ ಸೌದೆಯ ಪಿಕಪ್ ಕಳಿಸಿದೆವು. ಅದು ಹೋಗಿ ನಿಂತಿದ್ದು ಬದುಕಿದ್ದವರ ಅಂಗಳದಲ್ಲಿ.

ನಾನು ಬೈಕಿನಲ್ಲಿ ಧಾವಿಸಿ ಕೈಮುಗಿದೆ. ಅವರು ಕೊಡೆ ಹಿಡಿದುಕೊಂಡೇ ಟಾರ್ಪಲ್ ಎತ್ತಿ ಒಂದು ಕೊರಡು ಮುಟ್ಟಿ ನೋಡಿದರು.

"ಒಣಗಿದ್ದು! ಈ ಮಳೇಲಿ ಎಲ್ಲಿ ಸಿಕ್ತು? ಅರ್ಧ ಇಲ್ಲೇ ಇಳಿಸಿ, ಸ್ನಾನದ ಹಂಡೆಗೆ ಆಗುತ್ತೆ. ಅವನು ಸಣಕಲ, ಉಳಿದಿದ್ದು ಸಾಕು."

ಡಿಲೀಟ್

ಕಾಫಿ ಪಿಕ್ಕಿಂಗ್ ಜೋರಾಗಿದ್ದಾಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬರು ತೋಟದಲ್ಲೇ ಕುಸಿದು ತೀರಿಕೊಂಡರು. ಹೆಗಲು ಕೊಟ್ಟವರಲ್ಲಿ ನಾನೂ ಇದ್ದೆ. ಮಕ್ಕಳಿರಲಿಲ್ಲ, ಹೆಂಡತಿ ಒಬ್ಬರೇ ಉಳಿದರು.

ತೀರಿಕೊಂಡವರನ್ನು ಅಳಿಸಬೇಡಿ, ಮರಣದ ತಾರೀಕು ತುಂಬಿಸಿ ಸಾಕು ಎಂದು ಅಧ್ಯಕ್ಷರಿಗೆ ಹೇಳಿದ್ದೆ. ಅವರು ಡಿಲೀಟ್ ಒತ್ತಿಯೇಬಿಟ್ಟರು. ಕುಟುಂಬದವರೆಲ್ಲ ಯಜಮಾನನ ಹೆಸರಿನ ಕೆಳಗೇ ಇರಲಿ ಎಂದು ಹಠ ಹಿಡಿದು ಹಾಗೆ ಮಾಡಿಸಿದವರೂ ಅವರೇ. ಗಂಡನ ಜೊತೆಗೆ ಹೆಂಡತಿಯೂ ಅಳಿಸಿಹೋದರು. "ನಿಮ್ಮ ಸದಸ್ಯತ್ವ ಮುಕ್ತಾಯವಾಗಿದೆ" ಎಂದು ಆಕೆಗೆ ಮೆಸೇಜ್ ಬೇರೆ ಹೋಯಿತು.

ಸಂಜೆ ಆಕೆ ಫೋನ್ ಮಾಡಿದರು. "ತಮ್ಮಾ, ಇಷ್ಟು ವರ್ಷದಲ್ಲಿ ಅವರು ನನ್ನನ್ನ ಮೈಸೂರಿಗೂ ಕರ್ಕೊಂಡು ಹೋಗ್ಲಿಲ್ಲ. ಈಗ ಅವರ ಜೊತೆ ಅಷ್ಟು ದೂರ ಯಾಕೆ ಕಳಿಸ್ತೀಯ?"

ಫೋನ್ ಇಡದೆಯೇ ಹಳೆಯ ಬ್ಯಾಕಪ್ ಹಾಕಿದೆ. ಬ್ಯಾಕಪ್ ಅಂದರೆ ಅದನ್ನು ತೆಗೆದಿಟ್ಟ ದಿನ ಎಲ್ಲ ಹೇಗಿತ್ತೋ ಹಾಗೆಯೇ. ಆ ದಿನ ರೈಟರ್ ಬದುಕಿದ್ದರು.

"ಅಕ್ಕಾ, ನೀವು ವಾಪಸ್ ಬಂದ್ರಿ. ಆದ್ರೆ... ಅವರೂ ಬಂದಿದ್ದಾರೆ. ನಾಳೆ ಸರಿ ಮಾಡ್ತೀನಿ."

ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಈಗ ನಾನೇ ಅಳಿಸಿಬಿಟ್ಟೆನಲ್ಲ ಎಂದುಕೊಂಡೆ.

"ಬರೋದಾದ್ರೆ ಬರ್ಲಿ ತಮ್ಮಾ. ದಾರೀಲಿ ಅರ್ಧ ಲೀಟರ್ ಹಾಲು ತರೋಕೆ ಹೇಳು."