ತಿಮ್ಮರಾಯಪ್ಪನವರ ಶುಗರ್

ಮಂಜಮ್ಮ: ಸತ್ತೋರಿಗೆ ಎಂಥ ಶುಗರ್ರು ಅತ್ತಿಗೆ? ಸುಮ್ನೆ ಎಡೆಗೆ ಒಬ್ಬಟ್ಟು ಮಡಗು!

ಅಶ್ವತ್ಥಮ್ಮ: ಮಡಗಕಿಲ್ಲ ಅಂದ್ರೆ ಮಡಗಕಿಲ್ಲ. ಅಷ್ಟು ವರ್ಷ ಸಕ್ಕರೆ ಡಬ್ಬ ಬಚ್ಚಿಟ್ಟು ಕಾಪಾಡಿದೀನಿ. ಇವತ್ತು ನಾನೇ ಕೈಯಾರೆ ಇಕ್ಲಾ?

ಅಂದು ಮಹಾಲಯ ಅಮಾವಾಸ್ಯೆ. ಹಿರಿಯರು ವರ್ಷಕ್ಕೊಮ್ಮೆ ಮನೆಗೆ ಬಂದು ಉಂಡು ಹೋಗುವ ದಿನ. ಶಿರಾದ ಆ ಮನೆಯ ನಡುಮನೆಯಲ್ಲಿ, ತೀರಿಕೊಂಡ ತಿಮ್ಮರಾಯಪ್ಪನವರ ಫೋಟೋ ಮುಂದೆ ಬಾಳೆಲೆ ಹಾಸಿತ್ತು. ಎಲೆಯ ಮೇಲೆ ಮುದ್ದೆ, ಕೋಳಿಸಾರು, ವಡೆ; ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಒಬ್ಬಟ್ಟಿನ ತಟ್ಟೆ ಮಾತ್ರ ಹೆಂಡತಿ ಅಶ್ವತ್ಥಮ್ಮನ ಕೈಯಲ್ಲಿತ್ತು. ತಂಗಿ ಮಂಜಮ್ಮ ಬರಗೂರಿನಿಂದ ಮೊದಲನೇ ಬಸ್ಸಿಗೆ ಬಂದು, ಅಣ್ಣನಿಗೋಸ್ಕರ ತಾನೇ ಆ ಒಬ್ಬಟ್ಟು ತಟ್ಟಿದ್ದಳು.

ಮಂಜಮ್ಮ: ಹೂರಣ ರುಬ್ಬಿ ರುಬ್ಬಿ ನನ್ನ ರಟ್ಟೆ ಬಿದ್ದೋಯ್ತು. ನಮ್ಮಣ್ಣ ಒಬ್ಬಟ್ಟು ಅಂದ್ರೆ ಪ್ರಾಣ ಬುಡ್ತಿದ್ದ.

ಅಶ್ವತ್ಥಮ್ಮ: ಬುಟ್ಟಿದ್ದೂ ಅದರಿಂದ್ಲೇ.

ಮಂಜಮ್ಮ: ಬ್ರಾಂದಿ ಮಡಗಿದೀಯಲ್ಲ, ಅದೇನು ಮೆಡಿಕಲ್ ಶಾಪಿಂದಾ?

ಅಶ್ವತ್ಥಮ್ಮ: ವರ್ಷಕ್ಕೊಂದ್ಸಲ ಸ್ವಲ್ಪ ತಗೋಬೋದು ಅಂತ ಡಾಕ್ಟ್ರೇ ಅಂದಿದ್ರು.

ಮಂಜಮ್ಮ: ನಿಂಗಂದ್ರಾ?

ಅಶ್ವತ್ಥಮ್ಮ: ನಿಮ್ಮಣ್ಣಂಗೆ ಅಂದ್ರಂತೆ. ನಿಮ್ಮಣ್ಣನೇ ಹೇಳಿದ್ರು.

ಮಂಜಮ್ಮ: ಅತ್ತಿಗೆ, ಎಡೇಲಿ ಇಷ್ಟವಾದ್ದು ಇಲ್ದಿದ್ರೆ ಹಿರೀಕ್ರು ಉಣ್ದೆ ಬಯ್ಕಂಡು ಓಗ್ತಾರಂತೆ. ನಮ್ಮಣ್ಣ ಬಯ್ಕಂಡು ಓಗ್ಬೇಕಾ?

ಅಶ್ವತ್ಥಮ್ಮ: ಬಯ್ಲಿ ಬುಡು. ಬಯ್ಯೋದು ಅವರಿಗೆ ಹೊಸದಲ್ಲ, ಕೇಳೋದು ನಂಗೆ ಹೊಸದಲ್ಲ. ಒಬ್ಬಟ್ಟು ತಿಂದ್ರೆ ಶುಗರ್ ಏರ್ಬುಡ್ತದೆ! ಕಣ್ಣು ಮಂಜಾಗ್ತದೆ! ಆಮೇಲೆ ನೋಡೋರು ಯಾರು?

ಕೊನೆಯ ಮಾತುಗಳನ್ನು ಅಶ್ವತ್ಥಮ್ಮ ಕೂಗಿಯೇ ಹೇಳಿದ್ದರು. ಪಕ್ಕದ ಮನೆಯ ಮಾಬೂಬಿ ಶುಗರ್ ನೋಡುವ ಪುಟ್ಟ ಮಿಷನ್ನು ಹಿಡಿದು ಓಡಿಬಂದಳು.

ಮಾಬೂಬಿ: ಯಾ ಅಲ್ಲಾ! ಯಾರಿಗೆ ಅಕ್ಕಾ ಶುಗರ್ ಏರಿರೋದು? ಬೆರಳು ಕೊಡಿ ಬೇಗ.

ಅಶ್ವತ್ಥಮ್ಮ: ನಂಗಲ್ಲ ಮಾಬೂಬಿ, ನಮ್ಮನೆಯೋರಿಗೆ.

ಮಾಬೂಬಿ ಫೋಟೋ ನೋಡಿದಳು. ಮಿಷನ್ನು ನೋಡಿದಳು. ಮತ್ತೆ ಫೋಟೋ ನೋಡಿದಳು.

ಮಾಬೂಬಿ: ಭಾವ ಹೋಗಿ ಎರಡು ವರ್ಷ ಆಯ್ತಲ್ಲಕ್ಕಾ...

ಮಂಜಮ್ಮ: ನಾನೂ ಅದನ್ನೇ ಬೆಳಗ್ಗಿಂದ ಬಡ್ಕತಾ ಇವ್ನಿ! ನೀನೇ ಹೇಳು ತಾಯಿ. ನಿಮ್ಮಲ್ಲಿ ಸತ್ತೋರಿಗೆ ಸಿಹಿ ಇಡಲ್ವಾ?

ಮಾಬೂಬಿ: ಶಬೇ ಬರಾತ್‌ಗೆ ನಮ್ಮನೇಲಿ ಹಲ್ವಾ ಮಾಡಿ ಸತ್ತೋರ ಹೆಸರಲ್ಲಿ ಫಾತಿಹಾ ಓದಿಸ್ತೀವಿ. ಆದ್ರೆ ತಿನ್ನೋದು ನಾವು. ಪುಣ್ಯ ಮಾತ್ರ ಅವರಿಗೆ ಮುಟ್ಟುತ್ತೆ.

ಅಶ್ವತ್ಥಮ್ಮ: ಇದು ಒಳ್ಳೇ ಏರ್ಪಾಡು ಕಣಮ್ಮ. ಸಕ್ಕರೆ ನಿಮಗೆ, ಪುಣ್ಯ ಅವರಿಗೆ. ಅವರಿಗೆ ಯಾವ ತೊಂದ್ರೆನೂ ಇಲ್ಲ.

ಮಂಜಮ್ಮ: ಅಂಗಾದ್ರೆ ನಿಮ್ಮೋರು ಬಂದು ಉಣ್ಣಲ್ವಾ? ಎಲ್ಲಿರ್ತಾರೆ?

ಮಾಬೂಬಿ: ಕಬರ್‌ನಾಗೇ, ಗೋರಿ ಒಳಗೆ. ಇಬ್ಬರು ಫರಿಶ್ತೆಗಳು, ದೇವದೂತರು, ಬಂದು ಪ್ರಶ್ನೆ ಕೇಳ್ತಾರೆ. ಆಮೇಲೆ ಕಯಾಮತ್, ಅಂದ್ರೆ ಕೊನೇ ತೀರ್ಪಿನ ದಿನದ ತನಕ ಕಾಯೋದು.

ಅಶ್ವತ್ಥಮ್ಮ: ಏನು ಪ್ರಶ್ನೆ? ಊಟಕ್ಕೆ ಮುಂಚೆ ಎಷ್ಟಿತ್ತು, ಆದ್ಮೇಲೆ ಎಷ್ಟಿತ್ತು ಅಂತಾನಾ?

ಮಾಬೂಬಿ: ತೌಬಾ ತೌಬಾ! ನಿನ್ನ ದೇವರು ಯಾರು ಅಂತ ಕೇಳ್ತಾರಕ್ಕಾ.

ಅಷ್ಟರಲ್ಲಿ ಹೊಸ್ತಿಲ ಆಚೆ ಯಾರೋ ಕೆಮ್ಮಿದರು. ಎದುರು ಮನೆಯ ಅಯ್ಯನವರ ಹೆಂಡತಿ ಕಮಲಾಕ್ಷಮ್ಮ. ಮೂಗಿಗೆ ಸೆರಗು ಒತ್ತಿಕೊಂಡು ನಿಂತಿದ್ದರು.

ಕಮಲಾಕ್ಷಮ್ಮ: ಅಶ್ವತ್ಥಮ್ಮ, ಆ ಕಿಟಕಿ ಸ್ವಲ್ಪ ಮುಚ್ಚಿಕೊಳ್ಳಿ. ನಿಮ್ಮ ಕೋಳಿಸಾರಿನ ಘಮ ನೇರ ನಮ್ಮ ಪೂಜೆ ಕೋಣೆಗೆ ಬರ್ತಿದೆ. ನಮ್ಮ ಯಜಮಾನರು ಮಂತ್ರ ತಪ್ಪಿದರು.

ಮಂಜಮ್ಮ: ಮುಚ್ತೀವಿ ಅಮ್ಮ. ಮೊದ್ಲು ನೀವೇ ಒಂದು ನ್ಯಾಯ ಹೇಳಿ. ಸತ್ಮೇಲೂ ಶುಗರ್ ಇರ್ತದಾ?

ಕಮಲಾಕ್ಷಮ್ಮ: ಶುಗರ್ ಇರೋದು ದೇಹಕ್ಕಲ್ಲವಾ? ದೇಹ ಮಣ್ಣಿಗೆ ಹೋಯ್ತು. ಜೀವ ಶಿವನಲ್ಲಿ ಸೇರಿಹೋಯ್ತು. ನಾವು ಲಿಂಗೈಕ್ಯ ಅನ್ನೋದು ಅದಕ್ಕೇ. ಸೇರಿದ ಮೇಲೆ ವಾಪಸ್ ಬರೋ ಮಾತೇ ಇಲ್ಲ.

ಅಶ್ವತ್ಥಮ್ಮ: ವಾಪಸ್ ಬರಲ್ವಾ? ಅಮಾವಾಸ್ಯೆಗೂ?

ಕಮಲಾಕ್ಷಮ್ಮ: ಯಾವತ್ತೂ ಇಲ್ಲ. ಅಲ್ಲಿ ನಾನು, ನೀನು, ಗಂಡ, ಹೆಂಡತಿ ಅನ್ನೋ ಭೇದವೇ ಇರೋದಿಲ್ಲ. ಹೆಂಡತಿ ನೆನಪೇ ಇರೋದಿಲ್ಲ.

ಅಶ್ವತ್ಥಮ್ಮ: ಆ ಸ್ಥಿತಿ ನಮ್ಮನೆಯೋರಿಗೆ ಮದುವೆಯಾದ ಹೊಸದರಲ್ಲೇ ಬಂದಿತ್ತು.

ಮಂಜಮ್ಮ: ನಮ್ಮಲ್ಲಿ ಅಂಗಲ್ಲ ಅಮ್ಮ. ನಾವು ತಿರುಗಿ ಹುಟ್ತೀವಿ. ನಮ್ಮಣ್ಣ ಇಷ್ಟೊತ್ತಿಗೆ ಎಲ್ಲಾನಾ ಹುಟ್ಟಿರ್ತಾನೆ. ಹೊಸ ಮೈ! ಶುಗರ್ ಎಲ್ಲಿಂದ ಬತ್ತದೆ?

ಅಶ್ವತ್ಥಮ್ಮ: ಹುಟ್ಟಿದ್ರೆ ಈಗ ಎರಡು ವರ್ಷದ ಕೂಸು. ಕೂಸಿಗೆ ಬೀಡಿ, ಬ್ರಾಂದಿ ಮಡಗಿದೀವಾ ನಾವು?

ಮಂಜಮ್ಮ ಮೆಲ್ಲಗೆ ಕ್ವಾರ್ಟರ್ ಬಾಟಲಿಯನ್ನು ಎಲೆಯಿಂದ ಒಂದಿಷ್ಟು ದೂರ ಸರಿಸಿದಳು. ಹೊತ್ತು ನೆತ್ತಿ ದಾಟುತ್ತಿತ್ತು, ಮುದ್ದೆ ಆರುತ್ತಿತ್ತು. ಹೇಗಾದರೂ ಜಗಳ ಮುಗಿಸೋಣವೆಂದು ಮಾಬೂಬಿ ಅಶ್ವತ್ಥಮ್ಮನ ಪಕ್ಕ ಕೂತಳು.

ಮಾಬೂಬಿ: ಅಕ್ಕಾ, ನೀನು ಹೆದರ್ಬೇಡ. ಜನ್ನತ್‌ನಾಗೆ, ಅಂದ್ರೆ ಸ್ವರ್ಗದಾಗೆ, ಕಾಯಿಲೆ ಅನ್ನೋದೇ ಇಲ್ಲ. ಮುದುಕರೇ ಇಲ್ಲ. ಎಲ್ಲಾರೂ ಮೂವತ್ತು ಚಿಲ್ಲರೆ ಪ್ರಾಯದೋರು. ಭಾವನೂ ಅಂಗೇ ಜೋರಾಗಿರ್ತಾರೆ.

ಮಂಜಮ್ಮ: ಕೇಳ್ಸಿಕೊಂಡ್ಯಾ ಅತ್ತಿಗೆ? ಎಷ್ಟು ಚೆನ್ನಾಗಿ ಹೇಳಿದ್ಲು!

ಅಶ್ವತ್ಥಮ್ಮನಿಗೆ ಮಾತ್ರ ಸಂತೋಷವಾದಂತೆ ಕಾಣಲಿಲ್ಲ.

ಅಶ್ವತ್ಥಮ್ಮ: ಮೂವತ್ತಾ? ಮೂವತ್ತರಲ್ಲಿ ಅವರು ಹೆಂಗಿದ್ರು ಅಂತ ನಿಂಗೆ ಗೊತ್ತಾ? ಕಡ್ಲೆಕಾಯಿ ಮಂಡಿಯಿಂದ ಸೀದಾ ನಾಟ್ಕಕ್ಕೆ, ನಾಟ್ಕದಿಂದ ಸೀದಾ ಮಂಡಿಗೆ. ಮನೆ ಅಂದ್ರೆ ನಡುವೆ ಅಂಗಿ ಬದಲಾಯ್ಸೋ ಜಾಗ.

ಮಂಜಮ್ಮ: ಗಂಡಸ್ರು ಆ ವಯಸ್ಸಲ್ಲಿ...

ಅಶ್ವತ್ಥಮ್ಮ: ನೀ ಸುಮ್ಕಿರು. ಆವಾಗ ನನ್ನ ಏನಂತ ಕರೀತಿದ್ರು? 'ಲೇ'. ಅಷ್ಟೇ. ಶುಗರ್ ಬಂತು ನೋಡು, ಬೆಳಗಾದ್ರೆ ಬನೀನು ಮೇಲೆತ್ತಿ ಹೊಟ್ಟೆ ತೋರಿಸ್ಕಂಡು ಕೂರೋರು. 'ಅಶ್ವತ್ಥಾ, ಇಂಜೆಕ್ಷನ್ ತತ್ತೀಯಾ?' ಅನ್ನೋರು. ಅವರ ಬಾಯಲ್ಲಿ ನನ್ನ ಹೆಸರು ಬಂದಿದ್ದೇ ಶುಗರ್ ಬಂದ್ಮೇಲೆ ಕಣ್ರಮ್ಮ. ಶುಗರ್ ವಾಸಿಯಾಗೋಗಿದ್ರೆ ಅಲ್ಲಿ ನಾನ್ಯಾತಕ್ಕೆ ಬೇಕು?

ಕಮಲಾಕ್ಷಮ್ಮ ಮೂಗಿನ ಸೆರಗನ್ನು ಕಣ್ಣಿಗೆ ತಂದುಕೊಂಡರು.

ಮಾಬೂಬಿ: ಅಲ್ಲಿ ನೀನೂ ಮೂವತ್ತೇ ಅಕ್ಕಾ!

ಅಶ್ವತ್ಥಮ್ಮ: ಇಲ್ಲೂ ನಾನು ಮೂವತ್ತಾಗಿದ್ದೆ ಕಣಮ್ಮ. ಅವರು ನೋಡ್ಲಿಲ್ಲ.

ಮಂಜಮ್ಮ ಅತ್ತಿಗೆಯ ಕೈಯಿಂದ ಒಬ್ಬಟ್ಟಿನ ತಟ್ಟೆಯನ್ನು ತಾನೇ ತೆಗೆದುಕೊಂಡು ಅಡುಗೆಮನೆ ಕಡೆ ತಿರುಗಿದಳು.

ಮಂಜಮ್ಮ: ಬುಡತ್ತಿಗೆ. ಒಬ್ಬಟ್ಟು ಬ್ಯಾಡ. ನಮ್ಮಣ್ಣಂಗೆ ಇನ್ನೂ ಶುಗರ್ ಐತೆ ಅಂತ್ಲೇ ಇಟ್ಕಳನ. ಮುದ್ದೆ ಉಂಡು ಓಗ್ಲಿ.

ಅಶ್ವತ್ಥಮ್ಮ ಫೋಟೋವನ್ನೇ ದಿಟ್ಟಿಸಿ ನೋಡುತ್ತಿದ್ದರು. ಏನನ್ನೋ ಲೆಕ್ಕ ಹಾಕಿದಂತೆ ಹುಬ್ಬು ಗಂಟಾಯಿತು, ಸಡಿಲವಾಯಿತು.

ಅಶ್ವತ್ಥಮ್ಮ: ತಡಿ. ತಾ ಇಲ್ಲಿ ಆ ತಟ್ಟೆ.

ಮಂಜಮ್ಮ: ಯಾಕೆ?

ಅಶ್ವತ್ಥಮ್ಮ: ಎಲೆ ಮೇಲೆ ಹಾಕು. ಎರಡು ಹಾಕು. ತುಪ್ಪ ಜಾಸ್ತಿ ಬುಡು.

ಮಂಜಮ್ಮ: ಅಯ್ಯೋ, ಶುಗರ್ ಏರ್ತದೆ ಅಂತ ನೀನೇ ಅಂದ್ಯಲ್ಲ!

ಅಶ್ವತ್ಥಮ್ಮ: ಏರ್ಲಿ ಬುಡು! ಏರಿದ್ರೆ ತಾನೆ ಇಂಜೆಕ್ಷನ್ ನೆನಪಾಗೋದು.

ಕಮಲಾಕ್ಷಮ್ಮ ಹೊಸ್ತಿಲಲ್ಲೇ ಕಿಸಕ್ಕನೆ ನಕ್ಕುಬಿಟ್ಟರು. ಮಂಜಮ್ಮ ಕಣ್ಣೊರೆಸಿಕೊಂಡು ಎರಡು ಒಬ್ಬಟ್ಟು ಬಡಿಸಿ, ತುಪ್ಪ ಸುರಿದು, ಧೂಪ ಹಾಕಿದಳು. ಹಿರಿಯರು ನಾಚದೆ ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದರು. ಬಾಗಿಲು ಪೂರ್ತಿ ಮುಚ್ಚುವ ಮೊದಲು ಅಶ್ವತ್ಥಮ್ಮ ಅಡ್ಡ ಕೈ ಇಟ್ಟರು.

ಮಂಜಮ್ಮ: ಈಗೇನತ್ತಿಗೆ?

ಅಶ್ವತ್ಥಮ್ಮ: ಇನ್ನೆರಡು ಹಾಕ್ಬುಟ್ಟು ಬಾ. ಎರಡಕ್ಕೆಲ್ಲ ನನ್ನ ಹೆಸರು ನೆನಪಾಗೋ ಗಂಡಸಲ್ಲ ಅವರು.