ಮಂಟಪದ ಗಾಡಿಗೆ ಬ್ರೇಕ್ ಹಿಡಿಸಿದ್ದು

ಒಂದು ಗಾಡಿಯ ಹಿಂದೆ ಇನ್ನೊಂದು ಗಾಡಿ ಕಟ್ಟಿಕೊಂಡವರ ಮನೆಯಲ್ಲಿ ವಾರಕ್ಕೊಂದು ನಗೆಪಾಟಲು ತಪ್ಪುವುದಿಲ್ಲ. ನಾನಾದರೋ ಎಲ್ಲವನ್ನೂ ಆಯಾ ದಿನವೇ ನೋಟ್‌ಬುಕ್ಕಿನಲ್ಲಿ ಬರೆದಿಡುವವಳು. ಆದ್ದರಿಂದ ಇವು ಉತ್ಪ್ರೇಕ್ಷೆ ಎಂದು ಯಾರೂ ಹೇಳುವ ಹಾಗಿಲ್ಲ.

ಅಮೆರಿಕದ ಪ್ರಿನ್ಸ್‌ಟನ್ನಿನ ಲ್ಯಾಬಿನಿಂದ ನಿವೃತ್ತಳಾದ ಮೇಲೆ ಮದುವೆ ಮಂಟಪ ಬಾಡಿಗೆಗೆ ಕೊಡುವ ಕೆಲಸ ಶುರುಮಾಡಿದೆ. ಕಂಬಗಳೆಲ್ಲ ಗಟ್ಟಿ ಮರದವು, ಭಾರ. ಅವನ್ನು ಸಾಗಿಸಲು ನಾಲ್ಕು ಚಕ್ರದ ಟ್ರೇಲರ್, ಅದನ್ನೆಳೆಯಲು ಒಂದು ಪಿಕಪ್ ಟ್ರಕ್ಕು. ಟ್ರಕ್ಕಿನ ಸ್ಟಿಯರಿಂಗ್ ಕೆಳಗೆ ಅಂಗೈಯಗಲದ ಒಂದು ಪೆಟ್ಟಿಗೆ ಇದೆ. ಅದೇ ಬ್ರೇಕ್ ಕಂಟ್ರೋಲರ್. ಮುಂದೆ ಬ್ರೇಕ್ ಒತ್ತಿದರೆ ಅದು ಹಿಂದಿನ ಟ್ರೇಲರಿಗೆ ಕರೆಂಟು ಕಳಿಸುತ್ತದೆ. ಪ್ರತಿ ಚಕ್ರದೊಳಗೂ ಇರುವ ವಿದ್ಯುತ್ಕಾಂತ ಆಗ ಎಚ್ಚೆತ್ತು ಬ್ರೇಕ್ ಹಿಡಿಸುತ್ತದೆ. ಮೈಸೂರಿನಲ್ಲಿ ಫಿಸಿಕ್ಸ್ ಓದಿ ರ್‍ಯಾಂಕ್ ಬಂದವಳಿಗೆ ಇದೇನೂ ಕಷ್ಟವಲ್ಲ.

ಕಷ್ಟವಾದದ್ದು ಮಗಳು. ಟ್ರೇಲರ್ ಅವಳ ಹೆಸರಿನಲ್ಲಿದೆ. "ಅಮ್ಮ, ಫಸ್ಟ್ ವೆಡ್ಡಿಂಗ್ ಒಳಗೆ ನಾಲ್ಕೂ ವೀಲಿಗೆ ಬ್ರೇಕ್ ಹಿಡೀಬೇಕು. ಇಲ್ಲಾಂದ್ರೆ ಐ ಆಮ್ ಸೆಲಿಂಗ್ ಇಟ್," ಎಂದಳು. ಸುಮ್ಮನೆ ಹೆದರಿಸಿದ್ದಲ್ಲ. ಫೋಟೋ ತೆಗೆದು, ಜಾಹೀರಾತು ಬರೆದು, ಫೋನಿನಲ್ಲಿ ಸಿದ್ಧವಾಗಿಟ್ಟಿದ್ದಳು.

೧. ಒತ್ತಿ, ಬಿಡಿ

ಮೊದಲ ಪರೀಕ್ಷೆ ನಮ್ಮ ಡ್ರೈವ್‌ವೇನಲ್ಲೇ. ಟ್ರಕ್ಕಿನ ಹಿಂಬದಿಯ ಸಾಕೆಟ್ಟಿಗೆ ಕರೆಂಟು ಬರುತ್ತಿದೆಯೇ ಎಂದು ನೋಡಬೇಕಿತ್ತು. ನಮ್ಮ ಯಜಮಾನರು ಒಳಗೆ ಸೀಟಿನಲ್ಲಿ. ನಾನು ಹಿಂದೆ, ಮೀಟರ್ ಹಿಡಿದು ಕುಕ್ಕರಗಾಲಿನಲ್ಲಿ.

"ಒತ್ತಿ!"

"ಒತ್ತಿದೆ."

"ಬಿಡಿ! ಬಿಡಿ ಅಂದ್ರೆ ಬಿಡ್ಬೇಕು ರೀ! ಮತ್ತೆ ಒತ್ತಿ!"

ಹೀಗೇ ಇಪ್ಪತ್ತು ನಿಮಿಷ. ಇವರಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ನನ್ನ ದನಿ ಸ್ವಲ್ಪ ಜೋರು. ಎದುರು ಮನೆಯ ಅಮೆರಿಕನ್ ಅಜ್ಜಿ ನಾಯಿ ಹಿಡಿದು ಹೊರಟವರು ಅಲ್ಲೇ ನಿಂತರು. ಕನ್ನಡ ತಿಳಿಯದಿದ್ದರೂ ಬೈಗುಳದ ರಾಗ ತಿಳಿಯದೇ ಇರುತ್ತದೆಯೇ? ಮೆಲ್ಲಗೆ ಕಿಟಕಿಯ ಬಳಿ ಬಂದು, "ಎಲ್ಲ ಸರಿಯಿದೆಯಾ?" ಎಂದು ಇವರನ್ನು ಕೇಳಿದರು.

ಇವರು ಶಾಂತವಾಗಿ ಅಂದರು: "ಮೂವತ್ತೆಂಟು ವರ್ಷದಿಂದ ಹೀಗೇ ಮೇಡಂ. ಇವತ್ತು ಅಳೆಯೋಕೆ ಮೀಟರ್ ತಂದಿದ್ದಾಳೆ, ಅಷ್ಟೇ."

೨. ಎರಡು ಬಣ್ಣದ ತುಕ್ಕು

ಆಯುಧಪೂಜೆಯ ಮರುದಿನ ಪೆಟ್ಟಿಗೆ ಕೈಕೊಟ್ಟಿತು. ಟ್ರೇಲರನ್ನು ಟ್ರಕ್ಕಿಗೆ ಜೋಡಿಸಿದರೂ, ಹಿಂದೆ ಏನೂ ಇಲ್ಲವೆಂಬಂತೆ ಕೆಂಪು ದೀಪ ಮಿಣುಕುತ್ತಿತ್ತು. ಫ್ಯೂಸ್ ನೋಡಿದೆ, ಬ್ಯಾಟರಿ ನೋಡಿದೆ, ಟ್ರೇಲರ್ ಕಡೆಯ ಕಪ್ಪು ವೈರನ್ನು ಉದ್ದಕ್ಕೂ ತಡವಿ ನೋಡಿದೆ. ಎಲ್ಲ ಸರಿ. ಕೊನೆಗೆ ಅಭಿಮಾನ ಬಿಟ್ಟು ಮೆಕ್ಯಾನಿಕ್ ಹತ್ತಿರ ಹೋದೆವು.

ಆತ ಪ್ಲಗ್ಗು ಕಳಚಿ ಟಾರ್ಚ್ ಬಿಟ್ಟ. ತುಂಬ ಹೊತ್ತು ನೋಡಿದ. ಮತ್ತೊಬ್ಬನನ್ನು ಕರೆದು ತೋರಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ಮೇಡಂ, ಇಷ್ಟು ವರ್ಷದಲ್ಲಿ ಹಸಿರು ತುಕ್ಕು ನೋಡಿದ್ದೇನೆ, ಬಿಳಿ ತುಕ್ಕು ನೋಡಿದ್ದೇನೆ. ಅರ್ಧ ಹಳದಿ, ಅರ್ಧ ಕೆಂಪು ತುಕ್ಕು ಇದೇ ಮೊದಲು."

ನೋಟ್‌ಬುಕ್ ತೆಗೆದು ನೋಡುವ ಅಗತ್ಯವೇ ಇರಲಿಲ್ಲ. ನನ್ನದೇ ಅಕ್ಷರ ಕಣ್ಣಮುಂದೆ ಬಂತು: "ಪೂಜೆ ಸಾಂಗವಾಯಿತು. ಪ್ಲಗ್ಗಿನ ಏಳು ತೂತಿಗೂ ಬಿಡದೆ ಅರಿಶಿನ ಕುಂಕುಮ."

"ಇದನ್ನು ಸಮುದ್ರದ ಹತ್ತಿರ ನಿಲ್ಲಿಸಿದ್ದಿರಾ?" ಎಂದು ಆತ ಕೇಳಿದ.

"ಇಲ್ಲಪ್ಪ," ಎಂದೆ. "ದೇವರ ಹತ್ತಿರ."

೩. ಹತ್ತಕ್ಕೆ ಹತ್ತು

ಭಾನುವಾರ ಬೆಳಿಗ್ಗೆ ಮೆಟುಚೆನ್ ಊರಿನಲ್ಲಿ ರೈಲಿಗೆ ಹೋಗುವವರು ಕಾರು ನಿಲ್ಲಿಸುವ ಜಾಗ ಖಾಲಿ ಇರುತ್ತದೆ. ರಸ್ತೆಗಿಳಿಯುವ ಮೊದಲ ಪರೀಕ್ಷೆ ಅಲ್ಲೇ ಎಂದು ಮಗಳು ಗೊತ್ತುಮಾಡಿದಳು. ನಿಧಾನವಾಗಿ ಓಡಿಸುತ್ತ, ಪೆಟ್ಟಿಗೆಯ ಪುಟ್ಟ ಹಿಡಿಯನ್ನು ಒತ್ತಬೇಕು. ಆಗ ಟ್ರೇಲರ್ ಮಾತ್ರ ಬ್ರೇಕ್ ಹಿಡಿದು, ಹಿಂದಿನಿಂದ ಯಾರೋ ಸೆರಗು ಹಿಡಿದೆಳೆದ ಹಾಗೆ ಮೆತ್ತಗೆ ಎಳೆಯಬೇಕು. ಹಿಡಿತ ಎಷ್ಟಿರಬೇಕೆಂದು ಒಂದರಿಂದ ಹತ್ತರವರೆಗೆ ಅಂಕಿ ಇಡಬಹುದು.

ಇವರು ಹಿಡಿ ಒತ್ತಿದರು. ಕಿರ್ರೆಂದು ಚಕ್ರಗಳು ಕಚ್ಚಿಕೊಂಡವು, ಟೈರಿನಿಂದ ಹೊಗೆ, ಹಿಂದಿನ ಸೀಟಿನಲ್ಲಿದ್ದ ನನ್ನ ಪೆನ್ನು ಮುಂದಿನ ಗಾಜಿಗೆ.

"ಡ್ಯಾಡೀ! ವಾಟ್ ಡಿಡ್ ಯೂ ಸೆಟ್ ಇಟ್ ಟು?"

"ಹತ್ತು."

"ಆರು ಇಡಬೇಕು ಅಂತ ಬುಕ್ಕಲ್ಲೇ ಇದೆ! ಹತ್ತು ಯಾಕೆ?"

ಇವರಿಗೆ ನಿಜಕ್ಕೂ ಬೇಸರವಾಯಿತು. "ಹತ್ತಕ್ಕೆ ಆರಾ? ನಮ್ಮನೇಲಿ ಹಾಗೆ ಯಾರಾದ್ರೂ ತಗೊಂಡಿದ್ದಾರಾ?"

ಆರಕ್ಕಿಳಿಸಿದ ಮೇಲೆ ಗಾಡಿ ಮೆತ್ತಗೆ ನಿಂತಿತು, ಆದರೆ ಪ್ರತಿ ಸಲವೂ ಬಲಕ್ಕೆ ಎಳೆಯುತ್ತ. ಅಂದರೆ ಎಡಗಡೆಯ ಎರಡು ಚಕ್ರಗಳಲ್ಲಿ ಒಂದು ಕೆಲಸಗಳ್ಳ. ಮಗಳು ಬೆರಳು ಮಡಿಸಿದಳು: "ಥ್ರೀ ಔಟ್ ಆಫ್ ಫೋರ್, ಅಮ್ಮ. ಶನಿವಾರ ಮದುವೆ. ಶುಕ್ರವಾರ ರಾತ್ರಿ ಜಾಹೀರಾತು ಹಾಕ್ತೀನಿ."

"ಎಪ್ಪತ್ತೈದು ಪರ್ಸೆಂಟು," ಎಂದರು ಇವರು. "ಡಿಸ್ಟಿಂಕ್ಷನ್ ಕಣೇ."

೪. ಪೂರ್ವದ ಬಾಗಿಲು

ಕಾಂತಕ್ಕೆ ಕರೆಂಟು ಹೋದಾಗ ಚಕ್ರ ಸಣ್ಣಗೆ ಗುಂಯ್‌ಗುಡುತ್ತದೆ. ಶುಕ್ರವಾರ ಸಂಜೆ ಎಡಗಡೆಯ ಮುಂದಿನ ಚಕ್ರದ ಪಕ್ಕ ಮಣೆ ಹಾಕಿ ಕೂತು ಕಿವಿಗೊಟ್ಟೆ. ಬೀದಿಯಲ್ಲೆಲ್ಲ ಉದುರಿದ ಎಲೆ ಊದಿ ಗುಡ್ಡೆಹಾಕುವ ಯಂತ್ರಗಳ ಆರ್ಭಟ, ಏನೂ ಕೇಳಿಸದು. "ಆಗಾಗ ಹಿಡಿ ಒತ್ತುತ್ತಾ ಇರಿ," ಎಂದು ಇವರಿಗೆ ಹೇಳಿ, ಸದ್ದು ತಡೆಯಲು ತಲೆಗೂ ಚಕ್ರಕ್ಕೂ ಸೇರಿಸಿ ಹೊದೆಯುವ ಶಾಲು ತರಲು ಒಳಗೆ ಹೋದೆ.

ಪಕ್ಕದ ಮನೆ ಮಾರಾಟಕ್ಕಿತ್ತು. ಕೊಳ್ಳಲು ಬಂದಿದ್ದ ಬೆಂಗಳೂರಿನ ಯುವ ದಂಪತಿಗಳ ಜೊತೆ ನಮ್ಮ ಬೀದಿಯ ವಾಸ್ತು ಅಂಕಲ್ ಕೂಡ ಇದ್ದರು. ಬಾಗಿಲು ದಕ್ಷಿಣಕ್ಕಿದೆಯೆಂದು ಹುಡುಗನ ತಾಯಿ ಬೆಂಗಳೂರಿನಿಂದಲೇ ಬೇಡವೆಂದಿದ್ದರಂತೆ. ಕೊನೆಯ ಸಲ ನೋಡೋಣವೆಂದು ಅಂಕಲ್ ದಿಕ್ಸೂಚಿ ತಂದಿದ್ದರು. ಅದನ್ನಿಡಲು ಸಮತಟ್ಟಾದ ಜಾಗ ಬೇಕಿತ್ತು. ಸಿಕ್ಕಿದ್ದು ನನ್ನ ಮಣೆ.

ನಾನು ಹೊರಬಂದಾಗ ಹುಡುಗ ಫೋನಿನ ವಿಡಿಯೋದಲ್ಲಿ ತಾಯಿಗೆ ಮುಳ್ಳು ತೋರಿಸುತ್ತಿದ್ದ. ಟ್ರಕ್ಕಿನೊಳಗೆ ಇವರು ಹಿಡಿ ಒತ್ತಿದರು. ಮುಳ್ಳು ಗಿರ್ರನೆ ತಿರುಗಿತು.

"ಪೂರ್ವ!" ಎಂದು ಅಂಕಲ್ ಕೂಗಿದರು. "ಅಮ್ಮಾ, ಬಾಗಿಲು ಪೂರ್ವಕ್ಕಿದೆ! ಕಣ್ಣಾರೆ ನೋಡಿ!"

"ಸದ್ಯ! ತಗೊಳ್ಳೋ ಮಗನೇ," ಎಂದು ಆ ತಾಯಿ ಫೋನಿಟ್ಟೇಬಿಟ್ಟರು.

ಮುಳ್ಳನ್ನು ತಿರುಗಿಸಿದ್ದು ಮುಂದಿನ ಚಕ್ರದ ಕಾಂತ ಎಂದು ನನಗೆ ಹೊಳೆಯಿತು. ದಿಕ್ಸೂಚಿಯನ್ನು ಎತ್ತಿಕೊಂಡು ಹಿಂದಿನ ಚಕ್ರಕ್ಕೆ ಓಡಿದೆ. "ಒತ್ತಿ!" ಮುಳ್ಳು ಮಿಸುಕಲಿಲ್ಲ. ಸಿಕ್ಕಿಬಿದ್ದ ಕಳ್ಳ! ಬಗ್ಗಿ ನೋಡಿದರೆ ವೈರು ಉಜ್ಜಿ ಉಜ್ಜಿ ತುಂಡಾಗಿತ್ತು. ಅರ್ಧ ಗಂಟೆಯಲ್ಲಿ ಜೋಡಿಸಿ, ಮಗಳನ್ನು ಕರೆದು, ನಾಲ್ಕೂ ಚಕ್ರಕ್ಕೆ ದಿಕ್ಸೂಚಿ ಹಿಡಿದು ತೋರಿಸಿದೆ. ನಾಲ್ಕು ಸಲವೂ ಮುಳ್ಳು ಕುಣಿಯಿತು. ಮಗಳು ನನ್ನ ಕಣ್ಣೆದುರಿಗೇ ಜಾಹೀರಾತು ಅಳಿಸಿ ಹಾಕಿದಳು. ಮರುದಿನ ಮಂಟಪ ಪ್ರಿನ್ಸ್‌ಟನ್‌ಗೆ ನೆಟ್ಟಗೆ ಹೋಗಿ, ನೆಟ್ಟಗೆ ವಾಪಸು ಬಂತು.

ಭಾನುವಾರ ಆ ದಂಪತಿಗಳು ಸಿಹಿ ಹಿಡಿದು ಬಂದರು. ಮನೆಗೆ ಆಫರ್ ಕೊಟ್ಟಿದ್ದರು. ನಾನು ಫಿಸಿಕ್ಸ್ ಓದಿದವಳು, ಸುಳ್ಳು ಉಳಿಸಿಕೊಳ್ಳಲಾರೆ. ಕಾಂತದ ವಿಷಯವನ್ನು ಚಿತ್ರ ಬರೆದು ವಿವರಿಸಿದೆ.

"ನಮಗೆ ಆವತ್ತೇ ಗೊತ್ತಾಯ್ತು ಆಂಟಿ," ಎಂದ ಹುಡುಗ. "ನಮಗೆ ಮನೆ ಇಷ್ಟ. ಅಮ್ಮನಿಗೆ ಪೂರ್ವ ಇಷ್ಟ. ನೀವು ದಯವಿಟ್ಟು ಟ್ರೇಲರ್ ಮಾತ್ರ ಮಾರಬೇಡಿ."

"ನೋ ಚಾನ್ಸ್," ಎಂದಳು ನನ್ನ ಮಗಳು!

ಹುಡುಗನ ಹೆಂಡತಿ ಮಾತ್ರ ಇನ್ನೂ ಯೋಚನೆಯಲ್ಲೇ ಇದ್ದಳು. ಕೊನೆಗೆ ತಡೆಯಲಾರದೆ ಕೇಳಿದಳು: "ಆಂಟಿ, ಬೇಸಿಗೇಲಿ ಅತ್ತೆ ಬರ್ತಾರೆ. ಆರು ತಿಂಗಳು ಇರ್ತಾರೆ. ಅಷ್ಟು ದಿನವೂ ನಿಮ್ಮ ಯಜಮಾನ್ರು ಬ್ರೇಕ್ ಒತ್ಕೊಂಡೇ ಕೂತಿರ್ತಾರಾ?"